ಅನ್ನದಲ್ಲಿ ಆರೋಗ್ಯವನ್ನು ಅರಸಿದ ವೈದ್ಯ ಸರ್ ರಾಬರ್ಟ್ ಮೆಕ್ಯಾರಿಸನ್

ಊಟ ಬಲ್ಲವನಿಗೆ ರೋಗವಿಲ್ಲವೆಂಬ ನಾಣ್ಣುಡಿಯನ್ನು ಅರಿಯದವರು ನಮ್ಮ ನಾಡಿನಲ್ಲಿ ವಿರಳ. ತಲೆಮಾರುಗಳಿಂದ ಉಳಿದುಬಂದಿರುವ ಈ ಮಾತು ಅನುಭವದಿಂದ ಹುಟ್ಟಿದುದು. ಆದರೆ ಅನುಭವದ ಮಾತು ಶಾಸ್ತ್ರವೆನಿಸಬೇಕಾದರೆ ಅದನ್ನು ಪರೀಕ್ಷೆಗೆ ಒಡ್ಡುವವರು ಬೇಕು. ಯಾವ ಊಟದಿಂದ ಯಾವ ರೋಗ, ಎಷ್ಟು ಕಾಲದಲ್ಲಿ, ದೇಹದ ಯಾವ ಭಾಗದಲ್ಲಿ ಎಂದು ಕೇಳುವವರು ಬೇಕು. ಅನ್ನಕ್ಕೂ ಕರುಳಿನ ಬೇನೆಗೂ ಇರುವ ಸಂಬಂಧವನ್ನು ಹೀಗೆ ಕೇಳಿ, ನೋಡಿ, ತೂಗಿ, ಬರೆದಿಟ್ಟ ವೈದ್ಯರಲ್ಲಿ ಅಗ್ರಗಣ್ಯರು ಸರ್ ರಾಬರ್ಟ್ ಮೆಕ್ಯಾರಿಸನ್ನರು. ಅವರು ಜನಿಸಿದುದು ದೂರದ ಐರ್ಲೆಂಡಿನಲ್ಲಾದರೂ ಅವರ ಜೀವಿತದ ಮುಖ್ಯ ಕಾರ್ಯ ನಡೆದುದು ನಮ್ಮ ಚಾಮರಾಜನಗರದ ಗಡಿಯಾಚೆಗಿನ ನೀಲಗಿರಿಯಲ್ಲಿ. ಅವರ ತಕ್ಕಡಿಯಲ್ಲಿ ಒಮ್ಮೆ ಕನ್ನಡಿಗರ ಊಟವೂ ತೂಗಿತು. ವಿದ್ಯಾದಾನದೊಡನೆ ಅನ್ನದಾನವನ್ನೂ ವ್ರತವಾಗಿ ನಡೆಸಿಕೊಂಡು ಬಂದಿರುವ ಸಂಸ್ಥೆಯ ಸ್ಮರಣ ಸಂಚಿಕೆಯಲ್ಲಿ ಅಂಥವರ ಚರಿತ್ರೆಯನ್ನು ನೆನೆಯುವುದು ಉಚಿತವೇ ಆಗಿದೆ.

ಜನನ, ವಿದ್ಯಾಭ್ಯಾಸ ಮತ್ತು ಸೇವಾರಂಭ

ರಾಬರ್ಟ್ ಮೆಕ್ಯಾರಿಸನ್ನರು ೧೮೭೮ನೆಯ ಇಸವಿ ಮಾರ್ಚ್ ೧೫ರಂದು ಉತ್ತರ ಐರ್ಲೆಂಡಿನ ಪೋರ್ಟಡೌನ್ ಎಂಬ ಊರಿನಲ್ಲಿ ಜನಿಸಿದರು. ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಾಸಮಾಡಿ ೧೯೦೦ರಲ್ಲಿ ಉನ್ನತ ಶ್ರೇಣಿಯಲ್ಲಿ ಪದವೀಧರರಾದರು. ಆ ಕಾಲದ ಅನೇಕ ಪ್ರತಿಭಾವಂತ ತರುಣರಂತೆ ಅವರೂ ಇಂಡಿಯನ್ ಮೆಡಿಕಲ್ ಸರ್ವೀಸ್ ಎಂಬ ಸರ್ಕಾರಿ ವೈದ್ಯಸೇವೆಗೆ ಸೇರಿ, ೧೯೦೧ರಲ್ಲಿ, ಇಪ್ಪತ್ತಮೂರರ ವಯಸ್ಸಿನಲ್ಲಿ, ಭಾರತಕ್ಕೆ ಹೊರಟುಬಂದರು.

ಮೊದಲಿಗೆ ಅವರಿಗೆ ದೊರೆತುದು ವಾಯವ್ಯ ಗಡಿಯ ಚಿತ್ರಾಲ್ ಪ್ರದೇಶದಲ್ಲಿ ಸೈನ್ಯದ ವೈದ್ಯರ ಕೆಲಸ. ಅಲ್ಲಿಂದ ಮುಂದೆ ಗಿಲ್ಗಿಟ್ಟಿನಲ್ಲಿ ಏಜೆನ್ಸಿ ಸರ್ಜನ್ನರಾಗಿ ಹಲವು ವರ್ಷಗಳನ್ನು ಕಳೆದರು. ಹಿಮಾಚ್ಛಾದಿತ ಪರ್ವತಗಳ ನಡುವಿನ ಆ ದುರ್ಗಮ ಸ್ಥಳದಲ್ಲಿ ದೊಡ್ಡ ಗ್ರಂಥಭಂಡಾರವಾಗಲಿ, ಸಂಶೋಧನಾಲಯವಾಗಲಿ ಇರಲಿಲ್ಲ. ಇದ್ದುದು ರೋಗಿಗಳು ಮತ್ತು ರೋಗಗಳು. ತರುಣ ವೈದ್ಯರಿಗೆ ಅವೇ ಗ್ರಂಥಗಳಾದವು. ಚಿತ್ರಾಲಿನಲ್ಲಿ ಸೈನಿಕರನ್ನು ಕಾಡುತ್ತಿದ್ದ ಮೂರು ದಿನದ ಜ್ವರವನ್ನು ಕುರಿತು ಅವರು ಬರೆದುದು ಅವರ ಆರಂಭದ ಸಂಶೋಧನೆಗಳಲ್ಲೊಂದು.

ಗಿಲ್ಗಿಟ್ಟಿನಲ್ಲಿ ಅವರ ಕಣ್ಣಿಗೆ ಬಿದ್ದ ದೊಡ್ಡ ಪಿಡುಗು ಗಳಗಂಡ. ಒಂದೇ ನೀರಿನ ಕಾಲುವೆಯ ಉದ್ದಕ್ಕೂ ಇದ್ದ ಗ್ರಾಮಗಳಲ್ಲಿ ಮೇಲಿನ ಗ್ರಾಮಕ್ಕಿಂತ ಕೆಳಗಿನ ಗ್ರಾಮಗಳಲ್ಲಿ ಗಳಗಂಡ ಹೆಚ್ಚುತ್ತ ಹೋಗುವುದನ್ನು ಅವರು ಮನೆಮನೆಗೆ ಹೋಗಿ ಎಣಿಸಿ ಕಂಡುಕೊಂಡರು. ನೀರಿನಲ್ಲಿ ತೇಲುವ ಕಶ್ಮಲವೇ ಕಾರಣವಿರಬಹುದೆಂದು ಸಂದೇಹಿಸಿ, ಸೋಸಿದಾಗ ಉಳಿದ ಆ ಕಶ್ಮಲವನ್ನು ಸ್ವಯಂಸೇವಕರಿಗೆ ಕುಡಿಸಿ ಪರೀಕ್ಷಿಸಿದುದಲ್ಲದೆ ತಾವೂ ಅದನ್ನು ಕುಡಿದರು. ಪರರ ದೇಹದ ಮೇಲೆ ಮಾಡುವ ಪರೀಕ್ಷೆಗೆ ತನ್ನ ದೇಹವನ್ನೂ ಒಡ್ಡಬೇಕೆಂಬ ಧರ್ಮಬುದ್ಧಿ ಇಲ್ಲಿ ವ್ಯಕ್ತವಾಗುತ್ತದೆ. ಗಳಗಂಡಕ್ಕೆ ಮುಖ್ಯ ಕಾರಣ ಅಯೋಡಿನ್ ಕೊರತೆಯೆಂದು ಈಗ ನಿಸ್ಸಂಶಯವಾಗಿ ತಿಳಿದಿದೆ. ಆ ದೃಷ್ಟಿಯಿಂದ ಅವರ ಊಹೆ ಪೂರ್ಣಸತ್ಯವಾಗಿರಲಿಲ್ಲ. ಆದರೂ ಅವರು ಅನುಸರಿಸಿದ ಮಾರ್ಗದ ಕಟ್ಟುನಿಟ್ಟಿಗೆ ವೈದ್ಯಲೋಕ ತಲೆದೂಗಿತು. ೧೯೧೧ರಲ್ಲಿ ಅವರಿಗೆ ಕೈಸರ್-ಇ-ಹಿಂದ್ ಚಿನ್ನದ ಪದಕ ಲಭಿಸಿತು. ೧೯೧೩ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಷಿಯನ್ಸ್ ಸಂಸ್ಥೆಯಲ್ಲಿ ಪ್ರತಿಷ್ಠಿತವಾದ ಮಿಲ್ರಾಯ್ ಉಪನ್ಯಾಸಗಳನ್ನು ನೀಡುವ ಗೌರವ ಪ್ರಾಪ್ತವಾಯಿತು.

ಆರೋಗ್ಯವಂತರನ್ನು ಕಂಡ ಕಣ್ಣು

ಗಿಲ್ಗಿಟ್ಟಿನ ವಾಸದಲ್ಲಿ ಅವರ ಮನಸ್ಸನ್ನು ಹಿಡಿದ ಇನ್ನೊಂದು ಸಂಗತಿಯಿತ್ತು. ಆ ಸೀಮೆಯ ಹುಂಜಾ ಮೊದಲಾದ ಕೊಳ್ಳಗಳ ಜನರು ದೃಢಕಾಯರು, ಶ್ರಮಸಹಿಷ್ಣುಗಳು. ವರ್ಷಕ್ಕೆ ಸುಮಾರು ೪೦೦ ದೊಡ್ಡ ಶಸ್ತ್ರಚಿಕಿತ್ಸೆಗಳನ್ನು ನಡೆಸುತ್ತಿದ್ದರೂ ಈ ಜನರಲ್ಲಿ ಜಠರದ ಹುಣ್ಣು, ಅಪೆಂಡಿಸೈಟಿಸ್, ಬೃಹದಂತ್ರದ ಉರಿಯೂತ ಮೊದಲಾದ ಬೇನೆಗಳ ಒಬ್ಬ ರೋಗಿಯನ್ನೂ ತಾವು ಕಾಣಲಿಲ್ಲವೆಂದು ಅವರು ಮುಂದೆ ಬರೆದರು. ಹೊಟ್ಟು ತೆಗೆಯದ ಧಾನ್ಯ, ಕಾಯಿಪಲ್ಯ, ಏಪ್ರಿಕಾಟ್ ಹಣ್ಣು, ಒಂದಿಷ್ಟು ಹಾಲು, ಅಪರೂಪಕ್ಕೆ ಮಾಂಸ, ಇವಿಷ್ಟೇ ಅವರ ಆಹಾರ.

ಸಾಮಾನ್ಯವಾಗಿ ವೈದ್ಯನ ದೃಷ್ಟಿ ಬೀಳುವುದು ರೋಗಿಯ ಮೇಲೆ. ಆರೋಗ್ಯವಂತನು ವೈದ್ಯನ ಬಳಿಗೆ ಬರುವುದೂ ಇಲ್ಲ, ಅವನನ್ನು ಕುರಿತು ವೈದ್ಯನು ಯೋಚಿಸುವುದೂ ಇಲ್ಲ. ಮೆಕ್ಯಾರಿಸನ್ನರಾದರೋ ಪ್ರಶ್ನೆಯನ್ನು ತಿರುಗಿಸಿ ಇಟ್ಟರು. ಇವರಿಗೆ ರೋಗವೇಕೆ ಬಂತು ಎಂಬುದರ ಜೊತೆಗೆ ಅವರಿಗೆ ಏಕೆ ಬರಲಿಲ್ಲ ಎಂದೂ ಕೇಳಿದರು. ಅವರ ಜೀವಿತದ ಮುಂದಿನ ಸಾಧನೆಯೆಲ್ಲವೂ ಈ ಒಂದು ಪ್ರಶ್ನೆಯಿಂದ ಬೆಳೆಯಿತೆಂದರೆ ತಪ್ಪಾಗದು. ಹುಂಜಾ ಜನರ ದೀರ್ಘಾಯುಸ್ಸನ್ನು ಕುರಿತು ಬೇರೆಯವರು ಕಟ್ಟಿದ ಕಥೆಗಳಿಗೆ ಆಧಾರವಿಲ್ಲ. ಮೆಕ್ಯಾರಿಸನ್ನರೂ ತಾವು ಕಂಡುದನ್ನೇ ಸಿದ್ಧಾಂತವೆಂದು ಸಾರಿ ಸುಮ್ಮನಾಗದೆ ಅದನ್ನು ಪರೀಕ್ಷಿಸಲು ತೊಡಗಿದರು.

ಕೂನೂರಿನ ಒಂದು ಕೊಠಡಿ

ಮೊದಲನೆಯ ಮಹಾಯುದ್ಧದ ಸೇವೆಯನ್ನು ಮುಗಿಸಿ ೧೯೧೮ರಲ್ಲಿ ಅವರು ಕೂನೂರಿಗೆ ಬಂದರು. ಹುಚ್ಚುನಾಯಿ ಕಡಿತಕ್ಕೆ ಚಿಕಿತ್ಸೆ ನೀಡಲು ೧೯೦೭ರಲ್ಲಿ ಅಲ್ಲಿ ಸ್ಥಾಪಿತವಾಗಿದ್ದ ಪಾಶ್ಚರ್ ಸಂಸ್ಥೆಯ ಒಂದು ಕೊಠಡಿಯಲ್ಲಿ ಬೆರಿಬೆರಿ ರೋಗದ ವಿಚಾರಣೆಗೆಂದು ಅವರ ಕಾರ್ಯ ಪ್ರಾರಂಭವಾಯಿತು. ಯಂತ್ರದಲ್ಲಿ ಹೊಳಪುಗೊಳಿಸಿದ ಅಕ್ಕಿಯನ್ನೇ ನೆಚ್ಚಿದವರಿಗೆ ಬರುವ ನರದೌರ್ಬಲ್ಯದ ರೋಗ ಬೆರಿಬೆರಿ. ಅಕ್ಕಿಯ ತವುಡಿನಲ್ಲಿರುವ ಜೀವಸತ್ವವು ನಷ್ಟವಾಗುವುದೇ ಇದಕ್ಕೆ ಕಾರಣ. ಜೀವಸತ್ವಗಳ ವಿಷಯ ಆಗ ಜಗತ್ತಿಗೇ ಹೊಸದು. ಬೆರಿಬೆರಿಯಲ್ಲಿ ನರಗಳಿಗೆ ಆಗುವ ಹಾನಿಯ ಮೇಲೆ ಎಲ್ಲರ ಗಮನವೂ ನೆಟ್ಟಿದ್ದಾಗ, ಮೆಕ್ಯಾರಿಸನ್ನರು ಸತ್ತ ಪ್ರಾಣಿಗಳ ದೇಹದ ಪ್ರತಿಯೊಂದು ಅಂಗವನ್ನೂ ಪರೀಕ್ಷಿಸಿದರು. ಕರುಳು ಬಹುಬೇಗ, ಬಹುವಾಗಿ ಕೆಡುವುದನ್ನು ಕಂಡರು.

ಅವರ ಮಂಗಗಳ ಪ್ರಯೋಗ ಪ್ರಸಿದ್ಧವಾದುದು. ಆರೋಗ್ಯದಿಂದಿದ್ದ ಕಾಡುಮಂಗಗಳನ್ನು ತಂದು ಕೆಲವಕ್ಕೆ ಹಾಲು, ಹಣ್ಣು, ಕಡಲೆ ಮುಂತಾದ ಯೋಗ್ಯ ಆಹಾರವನ್ನು ಕೊಟ್ಟರು. ಉಳಿದವಕ್ಕೆ ಒತ್ತಡದ ಆವಿಯಲ್ಲಿ ಬಹಳ ಕಾಯಿಸಿ ಜೀವಸತ್ವಗಳನ್ನು ನಾಶಗೊಳಿಸಿದ ಅಕ್ಕಿಯೇ ಮೊದಲಾದ ಸತ್ತ್ವಹೀನ ಆಹಾರವನ್ನಿತ್ತರು. ಸ್ವಲ್ಪಕಾಲದಲ್ಲಿಯೇ ಎರಡನೆಯ ಗುಂಪಿನ ಮಂಗಗಳಿಗೆ ಹಸಿವು ಕುಂದಿತು. ಬಳಿಕ ಭೇದಿ, ಅದರ ಬೆನ್ನಿಗೆ ಕೆಲವಕ್ಕೆ ರಕ್ತಭೇದಿ, ಕೃಶತೆ, ಕೊನೆಗೆ ಮರಣ. ಶವಪರೀಕ್ಷೆಯಲ್ಲಿ ಕರುಳಿನ ಗೋಡೆ ಕಾಗದದಂತೆ ತೆಳುವಾಗಿದ್ದುದು, ಅದರ ಮಾಂಸಖಂಡಗಳು ಕ್ಷಯಿಸಿದ್ದುದು, ಬೃಹದಂತ್ರದಲ್ಲಿ ಉರಿಯೂತವಿದ್ದುದು, ಅಲ್ಲಲ್ಲಿ ಹುಣ್ಣುಗಳಾಗಿದ್ದುದು ಕಂಡುಬಂದವು. ಯೋಗ್ಯ ಆಹಾರ ತಿಂದ ಮಂಗಗಳು ಅದೇ ಹವೆಯಲ್ಲಿ, ಅದೇ ಆವರಣದಲ್ಲಿ ಸುಖವಾಗಿದ್ದವು.

ಈ ದೃಶ್ಯದಿಂದ ಅವರು ಕಂಡುಕೊಂಡ ತತ್ತ್ವ ಗಹನವಾದುದು. ಕರುಳಿನಲ್ಲಿ ರೋಗಾಣುಗಳು ಯಾವಾಗಲೂ ಇರಬಹುದು. ಆದರೆ ಕರುಳಿನ ಗೋಡೆ ಗಟ್ಟಿಯಾಗಿರುವವರೆಗೆ ಅವು ಒಳನುಗ್ಗಲಾರವು. ಆಹಾರದ ಕೊರತೆಯಿಂದ ಆ ಗೋಡೆ ಶಿಥಿಲವಾದಾಗ ಅವು ಶತ್ರುಗಳಾಗಿ ಪರಿಣಮಿಸುತ್ತವೆ. ಕೋಟೆಯ ಗೋಡೆ ಬಿರುಕುಬಿಟ್ಟ ಮೇಲೆ ಹೊರಗಿನ ದಂಡನ್ನು ಮಾತ್ರ ದೂಷಿಸಿ ಫಲವೇನು? ನಮ್ಮ ಆಯುರ್ವೇದವು ಅಗ್ನಿಮಾಂದ್ಯವನ್ನೂ ಗ್ರಹಣೀರೋಗವನ್ನೂ ಒಟ್ಟಿಗೆ ಇಟ್ಟು ವಿಚಾರಮಾಡಿದುದನ್ನು ಬಲ್ಲ ವಾಚಕರಿಗೆ ಈ ಆಲೋಚನೆ ಅಪರಿಚಿತವೆನಿಸದು. ಆದರೆ ಎರಡರ ಪರಿಭಾಷೆಯೂ ಪ್ರಮಾಣಗಳೂ ಬೇರೆಬೇರೆ. ಒಂದನ್ನು ಇನ್ನೊಂದೆಂದು ಸಾಧಿಸಹೊರಡುವುದು ಎರಡಕ್ಕೂ ನ್ಯಾಯವಲ್ಲ.

ಪ್ರಕಟಿತ ಕೃತಿಗಳು ಮತ್ತು ಒಂದು ವಿಘ್ನ

ಈ ಸಂಶೋಧನೆಗಳ ಫಲವನ್ನು ಅವರು ಭಾರತದ ಮತ್ತು ಬ್ರಿಟನ್ನಿನ ವೈದ್ಯಪತ್ರಿಕೆಗಳಲ್ಲಿ ಪ್ರಕಟಿಸಿದರು. ೧೯೨೧ರಲ್ಲಿ ಅವೆಲ್ಲವನ್ನೂ ಸಂಗ್ರಹಿಸಿ, ಆಹಾರದ ಕೊರತೆಯಿಂದ ಬರುವ ರೋಗಗಳನ್ನು ಕುರಿತ ಬೃಹದ್ಗ್ರಂಥವನ್ನು ಹೊರತಂದರು. ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಮೆಲನ್ ಉಪನ್ಯಾಸವನ್ನು ನೀಡಿದರು. ದೋಷಯುಕ್ತ ಆಹಾರಕ್ಕೂ ಜಠರ ಮತ್ತು ಕರುಳಿನ ರೋಗಗಳಿಗೂ ಇರುವ ಸಂಬಂಧವೇ ಅದರ ವಿಷಯ. ೧೯೨೨ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಕರುಳಿನ ಉರಿಯೂತವೆಂದರೆ ರೋಗಾಣುಗಳ ಕೃತ್ಯವೆಂದಷ್ಟೇ ಹಲವರು ತಿಳಿದಿದ್ದ ಕಾಲದಲ್ಲಿ, ರೋಗಿಯ ತಟ್ಟೆಯನ್ನೂ ನೋಡಿರೆಂದು ಆ ಪ್ರಬಂಧ ವೈದ್ಯರಿಗೆ ಹೇಳಿತು.

ಇಷ್ಟು ಕೀರ್ತಿ ಬಂದರೂ ವಿಘ್ನ ತಪ್ಪಲಿಲ್ಲ. ೧೯೨೩ರಲ್ಲಿ ಸರ್ಕಾರವು ವೆಚ್ಚವನ್ನು ಕಡಿತಗೊಳಿಸುವ ನೀತಿಯನ್ನು ಅನುಸರಿಸಿದಾಗ ಮೊಟಕಾದ ಕಾರ್ಯಗಳಲ್ಲಿ ಇವರ ಸಂಶೋಧನೆಯೂ ಒಂದಾಯಿತು. ಕೋಟ್ಯಂತರ ಜನರ ಆಹಾರವನ್ನು ಕುರಿತ ವಿಚಾರಣೆ ಹಣದ ಅಭಾವದಿಂದ ನಿಂತುಹೋಯಿತು. ೧೯೨೫ರಲ್ಲಿ ಪುನಃ ಅವಕಾಶ ದೊರೆತಾಗ ಅವರು ಬಿಟ್ಟ ಎಳೆಯನ್ನು ಹಿಡಿದು ಕೆಲಸಕ್ಕೆ ನಿಂತರು. ಒಂದು ಕೊಠಡಿಯಲ್ಲಿ ಹುಟ್ಟಿದ ಕಾರ್ಯ ೧೯೨೮ರ ವೇಳೆಗೆ ಪೌಷ್ಟಿಕ ಆಹಾರ ಸಂಶೋಧನಾಲಯವಾಗಿ ಬೆಳೆಯಿತು. ಒಳ್ಳೆಯ ಕಾರ್ಯಕ್ಕೆ ಸಕಾಲದಲ್ಲಿ ನೆರವು ದೊರೆಯುವುದು ಎಷ್ಟು ಮುಖ್ಯವೆಂಬುದನ್ನು ವಿದ್ಯಾಸಂಸ್ಥೆಗಳನ್ನು ಪೋಷಿಸುತ್ತ ಬಂದಿರುವ ದಾನಿಗಳಿಗೆ ನಾವು ವಿವರಿಸಬೇಕಾಗಿಲ್ಲ.

ತಕ್ಕಡಿಯಲ್ಲಿ ಕನ್ನಡಿಗರ ಊಟ

ಕೂನೂರಿನಲ್ಲಿ ಅವರು ಸಾವಿರಕ್ಕೂ ಹೆಚ್ಚು ಬಿಳಿ ಇಲಿಗಳನ್ನು ಸಾಕಿ, ಅವಕ್ಕೆ ಪಂಜಾಬಿನ ಸಿಖ್ಖರ ಆಹಾರವನ್ನು ಹೋಲುವ ಊಟವನ್ನು ಕೊಟ್ಟರು. ಹೊಟ್ಟು ತೆಗೆಯದ ಗೋಧಿಯ ಚಪಾತಿಗೆ ಬೆಣ್ಣೆ, ಮೊಳಕೆ ಕಡಲೆ, ಹಸಿ ತರಕಾರಿ, ಹಾಲು, ವಾರಕ್ಕೊಮ್ಮೆ ಸ್ವಲ್ಪ ಮಾಂಸ. ಎರಡು ಕಾಲು ವರ್ಷಗಳ ಕಾಲ, ಎಂದರೆ ಮನುಷ್ಯನ ಆಯುಸ್ಸಿನ ಲೆಕ್ಕದಲ್ಲಿ ಸುಮಾರು ಐವತ್ತು ವರ್ಷಗಳ ಅವಧಿಯಲ್ಲಿ, ಅವುಗಳಲ್ಲಿ ರೋಗವೆಂಬುದೇ ಕಾಣಿಸಲಿಲ್ಲ. ಮರಿಗಳ ಸಾವೂ ಆಕಸ್ಮಿಕಗಳನ್ನು ಬಿಟ್ಟರೆ ಇರಲಿಲ್ಲ. ಮತ್ತೊಂದು ಗುಂಪಿಗೆ ಇಂಗ್ಲೆಂಡಿನ ಬಡವರ ಊಟವಾದ ಬಿಳಿ ಬ್ರೆಡ್ಡು, ಮಾರ್ಗರೀನ್, ಸಕ್ಕರೆ ಹಾಕಿದ ಚಹ, ಬೇಯಿಸಿದ ತರಕಾರಿ, ಡಬ್ಬಿಯ ಮಾಂಸಗಳನ್ನು ಕೊಟ್ಟಾಗ ಅವು ಕುಗ್ಗಿದವು. ಸ್ವಭಾವವೂ ಕೆಟ್ಟು, ಬಲಿಷ್ಠವಾದವು ದುರ್ಬಲವಾದವನ್ನು ಕೊಂದು ತಿನ್ನತೊಡಗಿದವು. ಶ್ವಾಸಕೋಶದ ಮತ್ತು ಕರುಳಿನ ರೋಗಗಳು ಅವನ್ನು ಹೆಚ್ಚಾಗಿ ಬಾಧಿಸಿದವು. ತಮ್ಮ ದೇಶದವರ ಊಟವೆಂದು ಅವರು ಅದಕ್ಕೆ ರಿಯಾಯಿತಿ ತೋರಲಿಲ್ಲವೆಂಬುದು ಗಮನಾರ್ಹ.

ಅನಂತರ ಅವರು ಭಾರತದ ವಿವಿಧ ಪ್ರಾಂತಗಳ ಊಟಗಳನ್ನು ಹೋಲಿಸಿದರು. ಒಂದೇ ವಯಸ್ಸಿನ ಎಳೆಯ ಇಲಿಗಳನ್ನು ಏಳು ಗುಂಪುಗಳಾಗಿ ವಿಂಗಡಿಸಿ ಒಂದೊಂದು ಗುಂಪಿಗೆ ಒಂದೊಂದು ಜನವರ್ಗದ ಊಟವನ್ನು ಕೊಟ್ಟು ತೂಗಿದರು. ಸರಾಸರಿ ತೂಕ ಸಿಖ್ಖರ ಊಟದ ಗುಂಪಿನಲ್ಲಿ ೨೩೫ ಗ್ರಾಂ, ಪಠಾಣರದರಲ್ಲಿ ೨೩೦, ಮರಾಠರದರಲ್ಲಿ ೨೨೫, ಗೂರ್ಖರದರಲ್ಲಿ ೨೦೦, ಕನ್ನಡಿಗರದರಲ್ಲಿ ೧೮೫, ಬಂಗಾಳಿಗಳದರಲ್ಲಿ ೧೮೦, ಮದರಾಸಿನವರದರಲ್ಲಿ ೧೫೫. ನಮ್ಮ ಊಟವು ಮೇಲಿನಿಂದ ಐದನೆಯ ಸ್ಥಾನದಲ್ಲಿ ನಿಂತಿತು.

ಇದನ್ನು ಓದಿ ಹಿಗ್ಗಬೇಕಾಗಿಯೂ ಇಲ್ಲ, ಕುಗ್ಗಬೇಕಾಗಿಯೂ ಇಲ್ಲ. ಇಲಿಯ ತೂಕ ಮನುಷ್ಯನ ಯೋಗ್ಯತೆಯ ಅಳತೆಯಲ್ಲ. ಒಂದು ಪ್ರಾಂತದ ಜನರೆಲ್ಲರೂ ಒಂದೇ ಬಗೆಯ ಊಟ ಮಾಡುವವರೂ ಅಲ್ಲ. ಈ ಅಂತರಕ್ಕೆ ಮೆಕ್ಯಾರಿಸನ್ನರು ಕಂಡ ಕಾರಣ ಸ್ಪಷ್ಟವಾಗಿತ್ತು. ಪೂರ್ಣಧಾನ್ಯ, ಹಾಲು, ಬೇಳೆಕಾಳು, ಸೊಪ್ಪು, ತರಕಾರಿಗಳು ಹೆಚ್ಚಿದಂತೆ ದೇಹ ಬೆಳೆಯಿತು. ಹೊಳಪುಗೊಳಿಸಿದ ಅಕ್ಕಿಯೇ ತಟ್ಟೆಯನ್ನು ತುಂಬಿ ಉಳಿದವು ಮೂಲೆಗೆ ಸರಿದಂತೆ ದೇಹ ಸೊರಗಿತು. ಹಾಲು, ಬೇಳೆಕಾಳು, ಸೊಪ್ಪುಗಳು ಸಾಕಷ್ಟಿದ್ದಲ್ಲಿ ಮಾಂಸವಿಲ್ಲದ ಊಟದಿಂದಲೂ ದೇಹಪೋಷಣೆ ಸಮರ್ಪಕವಾಗಿ ನಡೆಯುವುದೆಂಬುದು ಇಂದಿನ ಆಹಾರಶಾಸ್ತ್ರಕ್ಕೆ ಸಮ್ಮತವಾದ ಮಾತು.

ನಮ್ಮ ಸೀಮೆಯ ಊಟವನ್ನು ಈ ಬೆಳಕಿನಲ್ಲಿ ನೋಡೋಣ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಹಳ್ಳಿಗಳಲ್ಲಿ ಮಳೆಯನ್ನೇ ನೆಚ್ಚಿ ಬೆಳೆಯುವ ರಾಗಿಯ ಮುದ್ದೆ, ಅವರೆ ಹುರುಳಿಗಳ ಸಾರು, ಹೊಲದ ಬದುವಿನ ಸೊಪ್ಪು, ಮಜ್ಜಿಗೆ, ಇವು ಹಿಂದಿನಿಂದ ಬಂದ ಊಟ. ರಾಗಿಯನ್ನು ಹೊಟ್ಟುಸಹಿತವಾಗಿಯೇ ಬೀಸುವುದು ರೂಢಿ. ಕೂನೂರಿನ ಸಂಶೋಧನಾಲಯದ ಪರಂಪರೆಯಲ್ಲಿ ಸಿದ್ಧವಾದ ಆಹಾರಕೋಷ್ಟಕಗಳ ಪ್ರಕಾರ ೧೦೦ ಗ್ರಾಂ ರಾಗಿಯಲ್ಲಿ ೩೪೪ ಮಿಲಿಗ್ರಾಂ ಸುಣ್ಣದಂಶವಿದ್ದರೆ, ಅಷ್ಟೇ ಅಕ್ಕಿಯಲ್ಲಿರುವುದು ಸುಮಾರು ೧೦ ಮಿಲಿಗ್ರಾಂ. ದೇವನಹಳ್ಳಿಯ ಚಕ್ಕೋತದಲ್ಲಿ ಸಿ ಜೀವಸತ್ವವಿದೆ. ಬಡವನ ಊಟವೆಂದು ಕೀಳಾಗಿ ಕಂಡ ಮುದ್ದೆಗೆ ಕಾಳು, ಸೊಪ್ಪು, ಮಜ್ಜಿಗೆಗಳು ಜೊತೆಗೂಡಿದರೆ ಅದು ಬಡ ಊಟವಲ್ಲ. ಇವು ಜೊತೆಗೂಡದೆ ಮುದ್ದೆಯೊಂದೇ ಉಳಿದರೆ ಅದೂ ಪೂರ್ಣಾಹಾರವಲ್ಲ.

ಇಷ್ಟು ಜ್ಞಾನಕ್ಕಾಗಿ ಪ್ರಾಣತೆತ್ತ ಮೂಕಪ್ರಾಣಿಗಳನ್ನು ಸ್ಮರಿಸದೆ ಮುಂದೆ ಸಾಗುವುದು ಕೃತಘ್ನತೆಯಾದೀತು. ಆ ಋಣ ತೀರಬೇಕಾದರೆ ಅವುಗಳಿಂದ ತಿಳಿದುದು ಮಕ್ಕಳ ತಟ್ಟೆಗೆ ಇಳಿಯಬೇಕು.

ಶಾಲೆಗಾಗಿ ಬರೆದ ಪುಸ್ತಕ

ಮೆಕ್ಯಾರಿಸನ್ನರು ಈ ಮಾತನ್ನು ಚೆನ್ನಾಗಿ ಅರಿತಿದ್ದರು. ವೈದ್ಯರಿಗಾಗಿ ಬರೆದ ಗ್ರಂಥಗಳಿಂದ ತೃಪ್ತರಾಗದೆ, ೧೯೨೮ರಲ್ಲಿ ಆಹಾರವನ್ನು ಕುರಿತು ಒಂದು ಚಿಕ್ಕ ಪುಸ್ತಕವನ್ನು ಭಾರತದ ಶಾಲಾ ಕಾಲೇಜುಗಳಿಗೂ ಬಾಲಚರ ಸಂಘಗಳಿಗೂ ಶಿಶುಕಲ್ಯಾಣ ಕೇಂದ್ರಗಳಿಗೂ ಉಪಯೋಗವಾಗಲೆಂದು ಬರೆದರು. ಯಾವ ಆಹಾರದಿಂದ ದೇಹಕ್ಕೆ ಏನು ದೊರೆಯುತ್ತದೆ, ಹಾಲು, ಸೊಪ್ಪು, ಹಣ್ಣುಗಳು ಏಕೆ ಬೇಕು ಎಂಬುದನ್ನು ಅದರಲ್ಲಿ ಸುಲಭವಾಗಿ ವಿವರಿಸಿದರು. ಸಂಶೋಧಕನು ಉಪಾಧ್ಯಾಯನೂ ಆಗಬೇಕೆಂಬ ಅವರ ಮನೋಧರ್ಮವು ಅಧ್ಯಾಪಕ ವೃತ್ತಿಯಲ್ಲಿರುವ ನಮಗೆ ಆದರಣೀಯವಾದುದು.

೧೯೩೩ರಲ್ಲಿ ಅವರಿಗೆ ಸರ್ ಪದವಿ ಲಭಿಸಿತು. ೧೯೩೫ರಲ್ಲಿ ಮೇಜರ್ ಜನರಲ್ ದರ್ಜೆಯಿಂದ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದರು. ಮರುವರ್ಷ ಲಂಡನ್ನಿನಲ್ಲಿ ಕ್ಯಾಂಟರ್ ಉಪನ್ಯಾಸಮಾಲೆಯ ಮೂಲಕ, ಭಾರತದಲ್ಲಿ ಕಂಡುಕೊಂಡ ತತ್ತ್ವಗಳನ್ನು ತಮ್ಮ ದೇಶದವರಿಗೆ ತಿಳಿಸಿದರು. ಅನಂತರ ಆಕ್ಸ್‌ಫರ್ಡಿನಲ್ಲಿ ವೈದ್ಯರ ಸ್ನಾತಕೋತ್ತರ ಶಿಕ್ಷಣದ ಹೊಣೆಯನ್ನು ೧೯೫೫ರವರೆಗೆ ನಿರ್ವಹಿಸಿದರು. ೧೯೬೦ನೆಯ ಮೇ ೧೮ರಂದು ಅವರ ದೇಹಾಂತ್ಯವಾಯಿತು. ದಂಪತಿಗಳಿಗೆ ಮಕ್ಕಳಿರಲಿಲ್ಲ. ಕೂನೂರಿನ ಸಂಶೋಧನಾಲಯ ಡಬ್ಲ್ಯು. ಆರ್. ಆಯ್ಕ್‌ರಾಯ್ಡ್ ಮುಂತಾದವರ ನೇತೃತ್ವದಲ್ಲಿ ಬೆಳೆದು, ೧೯೫೮ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, ೧೯೬೯ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆಯೆಂಬ ಹೆಸರನ್ನು ಪಡೆಯಿತು. ಅದೇ ಅವರ ಸಂತಾನವೆನ್ನಬಹುದು.

ಅವರ ಮತದ ಬೆಲೆ ಮತ್ತು ಮಿತಿ

ಕರುಳಿನ ಉರಿಯೂತವನ್ನು ಕುರಿತು ಈಗ ಬಹಳಷ್ಟು ತಿಳಿದಿದೆ. ಬೃಹದಂತ್ರದಲ್ಲಿ ಹುಣ್ಣುಗಳಾಗುವ ಅಲ್ಸರೇಟಿವ್ ಕೊಲೈಟಿಸ್ ರೋಗವನ್ನು ಲಂಡನ್ನಿನ ಸ್ಯಾಮ್ಯುಯೆಲ್ ವಿಲ್ಕ್ಸ್ ೧೮೫೯ರಲ್ಲಿಯೇ ವರ್ಣಿಸಿದ್ದರು. ನ್ಯೂಯಾರ್ಕಿನ ಬರ್ರಿಲ್ ಕ್ರೋನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ೧೯೩೨ರಲ್ಲಿ ಸಣ್ಣ ಕರುಳಿನ ಕೊನೆಯ ಭಾಗದ ಉರಿಯೂತವನ್ನು ಪ್ರತ್ಯೇಕ ರೋಗವೆಂದು ತೋರಿಸಿದರು. ಇವೆರಡೂ ಕೇವಲ ಜೀವಸತ್ವದ ಕೊರತೆಯಿಂದ ಬರುವ ರೋಗಗಳಲ್ಲ. ಹುಟ್ಟಿನಿಂದ ಬಂದ ಪ್ರವೃತ್ತಿ, ಕರುಳಿನಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು, ದೇಹದ ರಕ್ಷಣಾಶಕ್ತಿಯೇ ದಿಕ್ಕುತಪ್ಪಿ ಕರುಳಿನ ಮೇಲೆರಗುವುದು, ಜೀವನಕ್ರಮ, ಆಹಾರ, ಇವೆಲ್ಲ ಕಲೆತು ಉಂಟಾಗುವುವೆಂದು ಇಂದಿನ ವೈದ್ಯವಿಜ್ಞಾನ ತಿಳಿಸುತ್ತದೆ. ಕೂನೂರಿನ ಮಂಗಗಳ ಬೇನೆಯೂ ಈ ರೋಗಗಳೂ ಒಂದೇ ಎಂದು ಹೇಳಲಾಗದು. ನಮ್ಮ ದೇಶದಲ್ಲಂತೂ ಕರುಳಿನ ಕ್ಷಯವು ಕ್ರೋನ್ ರೋಗವನ್ನೇ ಹೋಲುವುದರಿಂದ ನಿರ್ಣಯವು ನುರಿತ ವೈದ್ಯರಿಗೂ ಕಷ್ಟವಾಗುತ್ತದೆ. ಆದುದರಿಂದ ಇಂಥ ಬೇನೆ ಇರುವವರು ಪಥ್ಯವೊಂದನ್ನೇ ನೆಚ್ಚಿ ಔಷಧಿಯನ್ನು ಬಿಡತಕ್ಕದ್ದಲ್ಲ. ಉರಿಯೂತ ಕೆರಳಿದಾಗ ನಾರುಳ್ಳ ಆಹಾರವೂ ಕೆಲವರಿಗೆ ತೊಂದರೆ ಕೊಡಬಹುದು.

ಹಾಗಾದರೆ ಅವರ ಕೃತಿಯಲ್ಲಿ ಉಳಿದುದೇನು? ಕರುಳಿನ ಗೋಡೆಯ ಸ್ಥಿತಿ, ಅಲ್ಲಿಯ ಜೀವಾಣುಗಳು, ನಿತ್ಯದ ಆಹಾರ, ಈ ಮೂರನ್ನೂ ಒಟ್ಟಿಗೆ ನೋಡಬೇಕೆಂದು ಅವರು ಶತಮಾನದ ಹಿಂದೆಯೇ ಹೇಳಿದರು. ಕರುಳಿನ ರೋಗಗಳನ್ನು ಕುರಿತ ಇಂದಿನ ಸಂಶೋಧನೆ ಈ ಮೂರರ ಸುತ್ತಲೇ ಬಹುವಾಗಿ ನಡೆಯುತ್ತಿದೆ. ಆಫ್ರಿಕದಲ್ಲಿ ಸೇವೆಮಾಡಿದ ಮತ್ತೊಬ್ಬ ಐರಿಷ್ ವೈದ್ಯ ಡೆನಿಸ್ ಬರ್ಕಿಟ್ಟರು ನಾರಿನ ಆಹಾರದ ಮಹತ್ತ್ವವನ್ನು ೧೯೭೦ರ ದಶಕದಲ್ಲಿ ಸಾರಿದಾಗ ಮೆಕ್ಯಾರಿಸನ್ನರು ತೋರಿದ ದಾರಿ ಇನ್ನಷ್ಟು ವಿಸ್ತಾರವಾಯಿತು.

ಉಪಸಂಹಾರ

ಕರ್ನಾಟಕದ ಶಾಲೆಗಳಲ್ಲಿ ೨೦೦೨ರಿಂದ ಅಕ್ಷರ ದಾಸೋಹದ ಬಿಸಿಯೂಟ, ೨೦೧೩ರಿಂದ ಕ್ಷೀರಭಾಗ್ಯದ ಹಾಲು ಬಂದವು. ೨೦೨೩ನ್ನು ಜಗತ್ತೇ ಕಿರುಧಾನ್ಯಗಳ ವರ್ಷವೆಂದು ಆಚರಿಸಿತು. ಇವು ಸಂತೋಷದ ಸಂಗತಿಗಳು. ಆದರೆ ೨೦೦೮ರಲ್ಲಿ ವಿಮಾನ ನಿಲ್ದಾಣ ಬಂದ ದೇವನಹಳ್ಳಿಯ ಸುತ್ತ ರಾಗಿಯ ಹೊಲಗಳು ನಿವೇಶನಗಳಾಗಿವೆ. ಬೇಕರಿಯ ತಿನಿಸು, ಪೊಟ್ಟಣದ ಕುರುಕಲು ಹಳ್ಳಿಯ ಅಂಗಡಿಯಲ್ಲಿಯೂ ತೂಗುತ್ತಿವೆ. ಕೈಯಲ್ಲಿ ಹಣವಿದ್ದೂ ಊಟದಲ್ಲಿ ಸತ್ತ್ವವಿಲ್ಲದ ಕಾಲ ಬರಬಹುದೆಂಬುದಕ್ಕೆ ಕೂನೂರಿನ ಪಂಜರಗಳು ಸಾಕ್ಷಿಯಾಗಿದ್ದವು.

ವಿದ್ಯಾರ್ಥಿನಿಲಯದ ಉಗ್ರಾಣಕ್ಕೆ ಧಾನ್ಯವನ್ನು ಅರ್ಪಿಸುವ ಭಕ್ತರು ಅಕ್ಕಿಯ ಮೂಟೆಯೊಡನೆ ರಾಗಿ, ಕಾಳುಗಳನ್ನೂ ಕಳುಹಿಸಲಿ. ಅಡಿಗೆಯವರು ಸೊಪ್ಪನ್ನು ಮರೆಯದಿರಲಿ, ಗಂಜಿಯನ್ನು ಬಸಿದು ಚೆಲ್ಲದಿರಲಿ. ಅಧ್ಯಾಪಕರು ಪಂಕ್ತಿಯಲ್ಲಿ ಮಕ್ಕಳ ತಟ್ಟೆಯ ಕಡೆಗೂ ಒಮ್ಮೆ ದೃಷ್ಟಿ ಹರಿಸಲಿ. ಅನ್ನದ ರಾಶಿಯಿಂದ ಹಸಿವು ತೀರುತ್ತದೆ. ಅನ್ನದ ಗುಣದಿಂದ ದೇಹ ಬೆಳೆಯುತ್ತದೆ. ಪರದೇಶದಿಂದ ಬಂದು ನಮ್ಮ ನೆರೆಯ ಬೆಟ್ಟದಲ್ಲಿ ಕುಳಿತು ಈ ಭೇದವನ್ನು ತೂಗಿ ತೋರಿಸಿದ ಸರ್ ರಾಬರ್ಟ್ ಮೆಕ್ಯಾರಿಸನ್ನರಿಗೆ ನಮ್ಮ ಕೃತಜ್ಞತೆ ಸಲ್ಲುತ್ತದೆ.